ಅಮೆರಿಕದ ಹಳೆಯ ಪದ್ಯಹಾಳೆ, ಸ್ತೋತ್ರಹಾಳೆಗಳ ಸೂಚಿ: ಕವಿಯಿಂದ ಶುರು ಮಾಡಬೇಕೋ, ಹಾಳೆಯಿಂದಲೋ?

ಹಳೆಯಹಾಳೆ (ವೂಸ್ಟರ್, ಮ್ಯಾಸಚೂಸೆಟ್ಸ್) ಬರೆದಿದ್ದಾರೆ:

ಎಲ್ಲರಿಗೂ ನಮಸ್ಕಾರ. ಹಳೆಯ ಮನೆಗಳ ಸಾಮಾನು ಹರಾಜಿನಲ್ಲಿ, ಹಳೆ ಪುಸ್ತಕಗಳ ಸಂತೆಯಲ್ಲಿ ಸಿಗುವ ಒಂಟಿ ಹಾಳೆಯ ಅಚ್ಚಿನ ಪದ್ಯಗಳನ್ನು ಕೊಂಡು ಕೂಡಿಡುವ ಹವ್ಯಾಸ ನನಗೆ ಇಲ್ಲಿಗೆ ಬಂದ ಮೇಲೆ ಹತ್ತಿತು. ಇಲ್ಲಿಯವರು ಇವುಗಳನ್ನು ಬ್ರಾಡ್‌ಸೈಡ್ ಎನ್ನುತ್ತಾರೆ. ಬಹುಮಟ್ಟಿಗೆ ಒಂದೇ ಮಗ್ಗುಲಿಗೆ ಅಚ್ಚಾದ, ಬೀದಿಯಲ್ಲಿ ಮಾರಲೆಂದೋ ಸಭೆಯಲ್ಲಿ ಹಂಚಲೆಂದೋ ಹೊರಟ, ಕೆಲಸ ಮುಗಿದ ಮೇಲೆ ಯಾರೂ ಕಾಪಾಡುತ್ತಾರೆಂದು ನಿರೀಕ್ಷಿಸದ ಹಾಳೆಗಳು ಇವು.

ನನ್ನಲ್ಲಿರುವವು ಹೆಚ್ಚುಕಡಿಮೆ ಮೂರು ಬಗೆಯವು. ಮೊದಲನೆಯವು 1861ರಿಂದ 1865ರವರೆಗಿನ ಅಂತರ್ಯುದ್ಧದ ಆಸುಪಾಸಿನ ಸಾಂಗ್ ಶೀಟ್‌ಗಳು. ಇವುಗಳಲ್ಲಿ ಸ್ವರಲಿಪಿ ಇರುವುದಿಲ್ಲ. ಸುತ್ತಲೂ ಅಲಂಕಾರದ ಅಂಚು, ನಡುವೆ ಹಾಡಿನ ಮಾತು, ಮೇಲೆ ಯಾವ ಧಾಟಿಯಲ್ಲಿ ಹಾಡಬೇಕೆಂಬ ಸೂಚನೆ, ಕೆಳಗೆ ಮಾರುವವನ ವಿಳಾಸ. ಎರಡನೆಯವು ಚರ್ಚಿನ ಸಮರ್ಪಣೆ, ಪಾದ್ರಿಯ ದೀಕ್ಷೆ, ಜುಲೈ 4ರ ಸಮಾರಂಭ, ಮದ್ಯಪಾನ ವಿರೋಧಿ ಸಭೆ ಮುಂತಾದವುಗಳಿಗೆ ಅಚ್ಚು ಹಾಕಿಸಿದ ಸ್ತೋತ್ರಗೀತೆಗಳ ಹಾಳೆಗಳು. ಮೂರನೆಯವು ಪತ್ರಿಕೆ ಹಂಚುವ ಹುಡುಗರು ಹೊಸ ವರ್ಷದ ದಿನ ಮನೆಮನೆಗೆ ಕೊಟ್ಟು ಇನಾಮು ಕೇಳುತ್ತಿದ್ದ ಪದ್ಯಗಳು.

ಇದುವರೆಗೆ ಕೊಂಡ ಕ್ರಮದಲ್ಲಿಯೇ ಪೆಟ್ಟಿಗೆಗಳಲ್ಲಿಟ್ಟಿದ್ದೇನೆ. ಈಗ ಸರಿಯಾದ ಸೂಚಿಯೊಂದನ್ನು ಮಾಡಬೇಕೆಂದಿದ್ದೇನೆ. ಕವಿಯ ಹೆಸರಿನಡಿ ಜೋಡಿಸಬೇಕೆ, ಹಾಡಿನ ಶೀರ್ಷಿಕೆಯಡಿಯೇ, ಅಥವಾ ಬೇರೆ ಕ್ರಮವಿದೆಯೇ? ಇಸವಿಯೇ ಇಲ್ಲದ ಹಾಳೆಗಳ ಕಾಲವನ್ನು ಗೊತ್ತುಮಾಡುವುದು ಹೇಗೆ? ಗ್ರಂಥಾಲಯದಲ್ಲಿ, ಅಚ್ಚುಕೂಟದಲ್ಲಿ ಕೆಲಸ ಮಾಡಿದವರು ಈ ಬಳಗದಲ್ಲಿ ಇರುವುದರಿಂದ ಕೇಳುತ್ತಿದ್ದೇನೆ.

ಸೂಚಿಪತ್ರ (ಮೈಸೂರು, ನಿವೃತ್ತ ಗ್ರಂಥಪಾಲಕಿ) ಬರೆದಿದ್ದಾರೆ:

ಕವಿಯಿಂದ ಶುರು ಮಾಡಬೇಡಿ, ಹಾಳೆಯಿಂದ ಶುರು ಮಾಡಿ. ಇದು ನನ್ನ ನೇರ ಅಭಿಪ್ರಾಯ, ಕಾರಣವನ್ನೂ ಹೇಳುತ್ತೇನೆ.

ಒಂದು ಪದ್ಯಕ್ಕೆ ಹಲವು ಬಾಳುಗಳಿರುತ್ತವೆ. ನಿಮ್ಮ ಕೈಯಲ್ಲಿರುವುದು ಅವುಗಳಲ್ಲಿ ಒಂದರ ಸಾಕ್ಷಿ ಮಾತ್ರ. ರಾಲ್ಫ್ ವಾಲ್ಡೊ ಎಮರ್ಸನ್ನನ ಕಾಂಕರ್ಡ್ ಸ್ತೋತ್ರವನ್ನೇ ನೋಡಿ. ಕಾಂಕರ್ಡ್ ಊರಿನ ಸ್ಮಾರಕದ ಸಮಾರಂಭ ನಡೆದದ್ದು 1837ರ ಜುಲೈ 4ರಂದು. ಅಂದು ಹಾಡಲು ಒಂಟಿ ಹಾಳೆಯಲ್ಲಿ ಅಚ್ಚಾದ ಆ ಪದ್ಯವನ್ನು ಓಲ್ಡ್ ಹಂಡ್ರೆಡ್ ಎಂಬ ಹಳೆಯ ಕೀರ್ತನೆಯ ಧಾಟಿಯಲ್ಲಿ ಹಾಡಿದರು. ಹಾಡಿದ ಗುಂಪಿನಲ್ಲಿ ಹೆನ್ರಿ ಡೇವಿಡ್ ಥೋರೋ ಇದ್ದ, ಬರೆದ ಎಮರ್ಸನ್ ಮಾತ್ರ ಅಂದು ಊರಿನಲ್ಲಿರಲಿಲ್ಲ. ಹತ್ತು ವರ್ಷದ ಬಳಿಕ ಅವನ ಕವನ ಸಂಕಲನದಲ್ಲಿ ಇದೇ ಪದ್ಯ ಸೇರಿದಾಗ ಶೀರ್ಷಿಕೆಯಲ್ಲಿ 1836ರ ಏಪ್ರಿಲ್ 19 ಎಂಬ ದಿನಾಂಕ ಅಚ್ಚಾಯಿತು. ಕವಿಯ ಪುಸ್ತಕವನ್ನು ಮುಂದಿಟ್ಟುಕೊಂಡು ಹಾಳೆಗೆ ಕಾಲ ಕೊಟ್ಟವರೆಲ್ಲ ಒಂದು ವರ್ಷಕ್ಕೂ ಹೆಚ್ಚು ಹಿಂದಕ್ಕೆ ಹೋಗಿಬಿಡುತ್ತಾರೆ. ಹಾಳೆ ಒಂದು ಸಮಾರಂಭದ ದಾಖಲೆ, ಪುಸ್ತಕ ಕವಿಯ ನೆನಪಿನ ದಾಖಲೆ. ಎರಡನ್ನೂ ಒಂದೇ ನಮೂದಿನಲ್ಲಿ ಕಲಸಬಾರದು.

ಆದ್ದರಿಂದ ಪ್ರತಿ ಹಾಳೆಗೂ ಒಂದು ಕ್ರಮಸಂಖ್ಯೆ ಕೊಟ್ಟು, ಮೇಲಿನಿಂದ ಕೆಳಕ್ಕೆ ಏನು ಅಚ್ಚಾಗಿದೆಯೋ ಅದನ್ನು ಕಾಗುಣಿತದ ತಪ್ಪುಗಳ ಸಹಿತ ಯಥಾವತ್ತಾಗಿ ಬರೆದುಕೊಳ್ಳಿ. ಶೀರ್ಷಿಕೆ ಎಷ್ಟು ಮುಖ್ಯವೋ ಮೊದಲ ಸಾಲು ಅದಕ್ಕಿಂತ ಹೆಚ್ಚು ಮುಖ್ಯ, ಏಕೆಂದರೆ ಶೀರ್ಷಿಕೆಯನ್ನು ಮುದ್ರಕ ತನಗೆ ಬೇಕಾದಂತೆ ಬದಲಿಸುತ್ತಿದ್ದ, ಮೊದಲ ಸಾಲನ್ನು ಬದಲಿಸುವುದು ಅಪರೂಪ. ಇಂದು ಜಗತ್ತೆಲ್ಲ ಅಮೇಜಿಂಗ್ ಗ್ರೇಸ್ ಎನ್ನುವ ಜಾನ್ ನ್ಯೂಟನ್ನನ ಸ್ತೋತ್ರಗೀತೆಗೆ 1779ರ ಮೂಲ ಪುಸ್ತಕದಲ್ಲಿದ್ದ ಶೀರ್ಷಿಕೆಯೇ ಬೇರೆ. ನಾವು ಹೆಸರೆಂದು ಹೇಳುವುದು ಅದರ ಮೊದಲ ಮಾತುಗಳನ್ನು. ಅಮೆರಿಕದಲ್ಲಿ ಇಂಥ ಮೊದಲ ಸಾಲುಗಳ ಮೇಲೆಯೇ ಸಾವಿರಾರು ಸ್ತೋತ್ರಪುಸ್ತಕಗಳ ದೊಡ್ಡ ಸೂಚಿಯೊಂದನ್ನು ಕಟ್ಟಿದ್ದಾರೆ, ಅದು ಈಗ ಅಂತರ್ಜಾಲದಲ್ಲೂ ಸಿಗುತ್ತದೆ. ಜನಪದ ಹಾಡುಗಳಿಗೆ ಸ್ಟೀವ್ ರೌಡ್ ಅವರ ಸೂಚಿಯ ಸಂಖ್ಯೆ ಇದೆ. ನಿಮ್ಮ ಸಾಂಗ್ ಶೀಟ್‌ಗಳಿಗೆ ಎಡ್ವಿನ್ ವುಲ್ಫ್ ಅವರು ಫಿಲಡೆಲ್ಫಿಯಾದ ಲೈಬ್ರರಿ ಕಂಪನಿ ಎಂಬ ಗ್ರಂಥಾಲಯಕ್ಕಾಗಿ ಮಾಡಿ 1963ರಲ್ಲಿ ಪ್ರಕಟವಾದ, 1850ರಿಂದ 1870ರವರೆಗಿನ ಹಾಳೆಗಳ ಸೂಚಿಯೇ ಆಧಾರ. 1800ಕ್ಕಿಂತ ಹಿಂದಿನ ಹಾಳೆ ಸಿಕ್ಕಿದರೆ ಚಾರ್ಲ್ಸ್ ಎವಾನ್ಸ್ ಸೂಚಿಯಲ್ಲಿ ಹುಡುಕಿ. ಈ ಸಂಖ್ಯೆಗಳನ್ನು ನಮೂದಿನಲ್ಲಿ ಬರೆದರೆ ಬೇರೆ ಗ್ರಂಥಾಲಯದ ಪ್ರತಿಯೊಂದಿಗೆ ನಿಮ್ಮ ಪ್ರತಿಯನ್ನು ಕ್ಷಣದಲ್ಲಿ ತಾಳೆ ನೋಡಬಹುದು.

ನಾಲ್ಕನೆಸಾಲು (ಧಾರವಾಡ) ಬರೆದಿದ್ದಾರೆ:

ಮೇಡಂ, ನಿಮ್ಮ ಮಾತನ್ನು ಗೌರವಿಸುತ್ತಲೇ ಒಂದು ತಕರಾರು ಇಡುತ್ತೇನೆ. ಹಾಳೆಯಲ್ಲಿ ಅಚ್ಚಾದದ್ದನ್ನೇ ನಂಬಿ ಹೋದರೆ, ಅಚ್ಚು ಹಾಕಿದವರು ಯಾರನ್ನು ಸಣ್ಣದಾಗಿ ಕಂಡರೋ ಅವರನ್ನು ನಾವೂ ಸಣ್ಣದಾಗಿಯೇ ಉಳಿಸಿದಂತಾಗುವುದಿಲ್ಲವೇ?

ಜಾರ್ಜ್ ವೈಟ್‌ಫೀಲ್ಡ್ ಎಂಬ ಹೆಸರಾಂತ ಉಪದೇಶಕ 1770ರ ಸೆಪ್ಟೆಂಬರ್ 30ರಂದು ತೀರಿಕೊಂಡಾಗ ಬಾಸ್ಟನ್ನಿನಲ್ಲಿ ಒಂದು ಶೋಕಗೀತೆ ಒಂಟಿ ಹಾಳೆಯಾಗಿ ಹೊರಬಂತು. ಅದನ್ನು ಬರೆದವಳು ಫಿಲಿಸ್ ವೀಟ್ಲಿ. ಹಾಳೆಯ ಮೇಲೆ ಮಾತ್ರ ಅವಳು ಹದಿನೇಳು ವರ್ಷದ ಸೇವಕಿ, ಬಾಸ್ಟನ್ನಿನ ಶ್ರೀ ಜೆ. ವೀಟ್ಲಿಯವರಿಗೆ ಸೇರಿದವಳು, ಆಫ್ರಿಕಾದಿಂದ ಈ ದೇಶಕ್ಕೆ ಬಂದು ಬರೀ ಒಂಬತ್ತು ವರ್ಷವಾಗಿದೆ ಎಂದಿದೆ. ಅದಕ್ಕೂ ಹತ್ತು ವರ್ಷ ಹಿಂದೆ, 1760ರ ಡಿಸೆಂಬರ್ 25ರ ದಿನಾಂಕ ಹೊತ್ತ ಜುಪಿಟರ್ ಹ್ಯಾಮನ್‌ನ ಭಕ್ತಿಪದ್ಯದ ಹಾಳೆಯಲ್ಲೂ ಅವನು ಲಾಂಗ್ ಐಲೆಂಡಿನ ಲಾಯ್ಡ್ ಎಂಬವರ ಸ್ವತ್ತು ಎಂದೇ ಅಚ್ಚಾಗಿದೆ. ಇವರನ್ನು ಹುಡುಕಿಕೊಂಡು ಬರುವ ಓದುಗನಿಗೆ ಕವಿಯ ಹೆಸರೇ ಬಾಗಿಲು. ಹಾಳೆಯ ಅಳತೆ, ಅಂಚಿನ ಬಳ್ಳಿ, ಅಂಗಡಿಯ ವಿಳಾಸ ಇವೆಲ್ಲ ಆಮೇಲಿನ ಮಾತು.

ಸೂಚಿಪತ್ರ ಬರೆದಿದ್ದಾರೆ:

ತಕರಾರು ನ್ಯಾಯವಾದದ್ದು. ಆದರೆ ಅದು ನನ್ನ ಮಾತಿಗೆ ವಿರುದ್ಧವಲ್ಲ. ಕವಿಯ ಹೆಸರನ್ನು ಬಿಡಿ ಎಂದು ನಾನು ಹೇಳಲಿಲ್ಲ. ಹಾಳೆಯ ವಿವರಣೆಯೊಳಗೆ ಕವಿಯ ಹೆಸರನ್ನು ತುರುಕಬೇಡಿ ಎಂದೆ. ಅಚ್ಚಾದ ಮಾತನ್ನು ಇದ್ದಂತೆ ಬರೆದುಕೊಂಡು, ಹುಡುಕುವವರ ಅನುಕೂಲಕ್ಕೆ ಫಿಲಿಸ್ ವೀಟ್ಲಿ ಎಂಬ ಹೆಸರನ್ನು ಪ್ರತ್ಯೇಕ ಶೀರ್ಷಕವಾಗಿ, ಅಂದರೆ ಹುಡುಕುಪದವಾಗಿ, ಕೊಡುವುದೇ ಸರಿಯಾದ ಕ್ರಮ. ಆಗ ಅವಳೂ ಸಿಗುತ್ತಾಳೆ, ಅವಳನ್ನು ಅಂದಿನ ಬಾಸ್ಟನ್ ಹೇಗೆ ಪರಿಚಯಿಸಿತು ಎಂಬುದೂ ಅಳಿಸಿಹೋಗುವುದಿಲ್ಲ. ಇನ್ನೊಂದು ಸಂಗತಿಯನ್ನು ನೀವು ಗಮನಿಸಬೇಕು. 1773ರಲ್ಲಿ ಲಂಡನ್ನಿನಲ್ಲಿ ಅವಳ ಪುಸ್ತಕ ಬಂದಾಗ ಇದೇ ಶೋಕಗೀತೆಯ ಪಾಠ ಹಲವೆಡೆ ಬದಲಾಗಿತ್ತು. ಕವಿಯ ಹೆಸರಿನಡಿ ಎರಡನ್ನೂ ಒಂದೇ ಎಂದು ಬರೆದುಬಿಟ್ಟರೆ ಹಾಳೆಯ ಪಾಠವನ್ನು ತೆರೆದು ನೋಡುವವರೇ ಇರುವುದಿಲ್ಲ.

ಇನ್ನು ನೂರಕ್ಕೆ ಬಹುಪಾಲು ಹಾಳೆಗಳಲ್ಲಿ ಕವಿಯ ಹೆಸರೇ ಇರುವುದಿಲ್ಲ. ಇಂದಿನ ಅಮೆರಿಕದ ರಾಷ್ಟ್ರಗೀತೆ 1814ರ ಸೆಪ್ಟೆಂಬರಿನಲ್ಲಿ ಬಾಲ್ಟಿಮೋರ್‌ನಲ್ಲಿ ಮೊದಲು ಹಾಳೆಯಾಗಿ ಬಂದಾಗ ಅದರ ಮೇಲೆ ಫ್ರಾನ್ಸಿಸ್ ಸ್ಕಾಟ್ ಕೀಯ ಹೆಸರಿರಲಿಲ್ಲ, ಇಂದಿನ ಶೀರ್ಷಿಕೆಯೂ ಇರಲಿಲ್ಲ. ಮೆಕ್‌ಹೆನ್ರಿ ಕೋಟೆಯ ರಕ್ಷಣೆ ಎಂಬರ್ಥದ ಶೀರ್ಷಿಕೆಯೂ, ಲಂಡನ್ನಿನ ಒಂದು ಸಂಗೀತ ಸಂಘದ ಹಾಡಿನ ಧಾಟಿಯೂ ಇದ್ದವು. ಬೆಂಜಮಿನ್ ಫ್ರಾಂಕ್ಲಿನ್ ಹುಡುಗನಾಗಿದ್ದಾಗ, 1718ರಲ್ಲಿ ಬಾಸ್ಟನ್ ಬಂದರಿನ ದೀಪಸ್ತಂಭದ ಕಾವಲುಗಾರ ಕುಟುಂಬಸಮೇತ ಮುಳುಗಿ ಸತ್ತ ಬಗ್ಗೆ ಲಾವಣಿಯೊಂದನ್ನು ಬರೆದ. ಅಣ್ಣ ಅದನ್ನು ಅಚ್ಚು ಹಾಕಿ ಇವನ ಕೈಯಲ್ಲೇ ಬೀದಿಗೆ ಮಾರಲು ಕಳಿಸಿದ. ಪದ್ಯ ಕಟ್ಟುವವರು ಸಾಮಾನ್ಯವಾಗಿ ಭಿಕಾರಿಗಳೇ ಆಗುತ್ತಾರೆಂದು ಅಪ್ಪ ಹೀಗಳೆದದ್ದರಿಂದ ತಾನು ಕವಿಯಾಗುವುದು ತಪ್ಪಿತೆಂದು ಫ್ರಾಂಕ್ಲಿನ್ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಆ ಹಾಳೆಯ ಒಂದು ಪ್ರತಿಯೂ ಇಂದು ಉಳಿದಿಲ್ಲ. ನಾಳೆ ಎಲ್ಲಾದರೂ ಸಿಕ್ಕಿದರೂ ಅದನ್ನು ಗುರುತಿಸಬೇಕಾದದ್ದು ವಿಷಯ, ಅಚ್ಚು, ಕಾಗದಗಳಿಂದಲೇ ಆದೀತು.

ಅಚ್ಚುಮೊಳೆ (ಬೆಂಗಳೂರು) ಬರೆದಿದ್ದಾರೆ:

ಮೊಳೆ, ಅಂದರೆ ಅಚ್ಚಿನ ಬಿಡಿ ಅಕ್ಷರ, ಜೋಡಿಸುವ ಕೆಲಸದಲ್ಲಿ ಬೆಳೆದವನಾದ್ದರಿಂದ ಕಾಲನಿರ್ಣಯದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಮೇಡಂ ಹೇಳಿದ ಸೂಚಿಗಳನ್ನು ತೆರೆಯುವ ಮೊದಲೇ ಹಾಳೆ ತನ್ನ ಕಾಲವನ್ನು ಸಾಕಷ್ಟು ಹೇಳುತ್ತದೆ.

ಮೊದಲು ಕಾಗದ. ಬೆಳಕಿಗೆ ಹಿಡಿದಾಗ ಒತ್ತೊತ್ತಾದ ಅಡ್ಡಗೆರೆಗಳೂ, ಅವುಗಳಿಗೆ ಎದುರಾಗಿ ದೂರದೂರದ ಉದ್ದಗೆರೆಗಳೂ ಕಂಡರೆ ಅದು ಹಳೆಯ ತಂತಿಜಾಲರಿಯ ಕಾಗದ. ಅಮೆರಿಕದಲ್ಲಿ 18ನೇ ಶತಮಾನದ ಕೊನೆಯವರೆಗೆ ಅದೇ ಸಾಮಾನ್ಯ. ಗೆರೆಯಿಲ್ಲದ ಸಮಾನ ಮೈಯ ಕಾಗದ 1790ರ ದಶಕದಿಂದ ಹರಡಿತು. ಇವೆರಡೂ ಚಿಂದಿ ಬಟ್ಟೆಯ ತಿರುಳಿನವು, ಆದ್ದರಿಂದ ಇನ್ನೂರು ವರ್ಷವಾದರೂ ಮಡಚಬಹುದು. ಮರದ ತಿರುಳಿನ ಕಾಗದ ಅಂತರ್ಯುದ್ಧದ ನಂತರದ ದಶಕಗಳಲ್ಲಿ ಅಗ್ಗವಾಗಿ ಎಲ್ಲೆಡೆ ಬಂತು. ಅದು ಕಂದಾಗಿ, ಅಂಚು ಮುರಿಯತೊಡಗುತ್ತದೆ. ಅಂದರೆ ಹೆಚ್ಚು ಹಾಳಾಗಿ ಕಾಣುವ ಹಾಳೆಯೇ ಹೆಚ್ಚು ಹಳೆಯದು ಎಂಬ ಭಾವನೆ ಇಲ್ಲಿ ತಲೆಕೆಳಗು.

ಆಮೇಲೆ ಅಕ್ಷರ. ಇಂಗ್ಲಿಷಿನ ಎಸ್ ಅಕ್ಷರವನ್ನು ಎಫ್‌ನಂತೆ ಕಾಣುವ ಉದ್ದ ರೂಪದಲ್ಲಿ ಹಾಕುವ ಪದ್ಧತಿ 1800ರ ಹೊತ್ತಿಗೆ ಹಿಂದೆ ಸರಿದು, ಮುಂದಿನ ಹತ್ತು ವರ್ಷಗಳಲ್ಲಿ ಬಹುತೇಕ ನಿಂತುಹೋಯಿತು. ದೊಡ್ಡ ದಪ್ಪ ಮರದ ಮೊಳೆಗಳಲ್ಲಿ ಶೀರ್ಷಿಕೆ ಇದ್ದರೆ, ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಅವುಗಳನ್ನು ಯಂತ್ರದಿಂದ ಕೊರೆದು ಮಾರಲಾರಂಭಿಸಿದ್ದು 1827-28ರ ಹೊತ್ತಿಗೆ ಎಂಬುದನ್ನು ನೆನಪಿಡಿ. ಮರದಚ್ಚಿನ ಚಿತ್ರವನ್ನು ಮಾತ್ರ ನಂಬಬೇಡಿ. ಹಡಗು, ಶವಪೆಟ್ಟಿಗೆ, ಗಲ್ಲುಕಂಬ ಮುಂತಾದ ಚಿತ್ರದ ಅಚ್ಚುಗಳನ್ನು ಮುದ್ರಕರು ಸವೆದು ಬಿರುಕು ಬಿಡುವವರೆಗೂ ಯಾವ ಯಾವುದೋ ಪದ್ಯಕ್ಕೆ ಹಾಕುತ್ತಿದ್ದರು. ಆದರೆ ಆ ಬಿರುಕೇ ಪ್ರಯೋಜನಕ್ಕೆ ಬರುತ್ತದೆ: ಒಂದೇ ಚಿತ್ರದ ಎರಡು ಹಾಳೆಗಳಲ್ಲಿ ಬಿರುಕು ಹೆಚ್ಚಾಗಿರುವುದು ನಂತರದ್ದು.

ಹಕ್ಕುಸ್ವಾಮ್ಯದ ಸಾಲು ಇದ್ದರೆ ಅರ್ಧ ಕೆಲಸ ಮುಗಿಯಿತು. ಜಿಲ್ಲಾ ನ್ಯಾಯಾಲಯದ ಗುಮಾಸ್ತೆಯ ಕಚೇರಿಯಲ್ಲಿ ನೋಂದಾಯಿಸಿದೆ ಎಂದಿದ್ದರೆ ಅದು 1870ರ ಕಾನೂನಿಗಿಂತ ಹಿಂದಿನ ನೋಂದಣಿ. ಆ ವರ್ಷದಿಂದ ಆ ಕೆಲಸ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ ಹೋಯಿತು. 1874ರ ತಿದ್ದುಪಡಿಯ ನಂತರ ಬರೀ ಕಾಪಿರೈಟ್ ಎಂಬ ಪದ, ಇಸವಿ, ಹೆಸರು ಇದ್ದರೆ ಸಾಕಾಯಿತು. ಒಂದು ಎಚ್ಚರಿಕೆ: ಅಲ್ಲಿರುವ ಇಸವಿ ನೋಂದಣಿಯದು, ನಿಮ್ಮ ಕೈಯಲ್ಲಿರುವ ಪ್ರತಿ ಅದೇ ವರ್ಷ ಅಚ್ಚಾಗಿರಬೇಕೆಂದಿಲ್ಲ.

ಸಾಂಗ್ ಶೀಟ್‌ಗಳಿಗೆ ಎಲ್ಲಕ್ಕಿಂತ ಬಲವಾದ ಸಾಕ್ಷಿ ಅಂಗಡಿಯ ವಿಳಾಸ. ನ್ಯೂಯಾರ್ಕಿನಲ್ಲಿ ಜೆ. ಆಂಡ್ರ್ಯೂಸ್ ಎಂಬವನು ಚ್ಯಾಥಮ್ ರಸ್ತೆಯ 38ನೇ ನಂಬರಿನಲ್ಲಿ ಮಾರುತ್ತಿದ್ದ. ಅವನ ವ್ಯಾಪಾರ ಎಚ್. ಡಿ ಮಾರ್ಸನ್ ಕೈಗೆ ಬಂದ ಮೇಲೆ ಅದೇ ರಸ್ತೆಯ 54, 60 ಎಂಬ ನಂಬರುಗಳು ಹಾಳೆಗಳಲ್ಲಿ ಕಾಣುತ್ತವೆ. ಚಾರ್ಲ್ಸ್ ಮ್ಯಾಗ್ನಸ್ ಫ್ರಾಂಕ್‌ಫರ್ಟ್ ರಸ್ತೆಯ 12ರಲ್ಲಿದ್ದ, ಫಿಲಡೆಲ್ಫಿಯಾದಲ್ಲಿ ಜಾನ್ಸನ್ ಉತ್ತರ ಹತ್ತನೆಯ ರಸ್ತೆಯ 7ರಲ್ಲಿದ್ದ. ಅಂದಿನ ನಗರ ಡೈರೆಕ್ಟರಿಗಳು ವರ್ಷ ವರ್ಷವೂ ಅಚ್ಚಾಗುತ್ತಿದ್ದವು. ಮಾರುವವನು ಯಾವ ವರ್ಷ ಯಾವ ನಂಬರಿನಲ್ಲಿದ್ದ ಎಂದು ಅಲ್ಲಿ ನೋಡಿದರೆ ಇಸವಿಯಿಲ್ಲದ ಹಾಳೆಗೂ ಎರಡು ಮೂರು ವರ್ಷಗಳ ಮಿತಿ ಸಿಗುತ್ತದೆ. ಚ್ಯಾಥಮ್ ರಸ್ತೆಗೆ ಈಗ ಪಾರ್ಕ್ ರೋ ಎಂಬ ಹೆಸರಿದೆ, ಭೂಪಟದಲ್ಲಿ ಹುಡುಕಿ ನಿರಾಶರಾಗಬೇಡಿ.

ಕರಾವಳಿ_ಓದುಗ (ಮಂಗಳೂರು) ಬರೆದಿದ್ದಾರೆ:

ಚರ್ಚಿನ ಹಾಡುಗಾರರ ತಂಡದಲ್ಲಿ ಹಲವು ವರ್ಷ ಹಾಡಿದವನಾಗಿ ಸ್ತೋತ್ರಹಾಳೆಗಳ ಬಗ್ಗೆ ಒಂದು ವಿಷಯ ಸೇರಿಸುತ್ತೇನೆ. ಹಾಳೆಯ ತಲೆಯ ಮೇಲೆ ಸಿ. ಎಂ., ಎಲ್. ಎಂ., ಎಸ್. ಎಂ. ಎಂಬ ಎರಡಕ್ಷರದ ಛಂದದ ಗುರುತುಗಳು ಇದ್ದರೆ ದಯವಿಟ್ಟು ಅವುಗಳನ್ನೂ ನಮೂದಿಸಿ. ಅನೇಕ ಸೂಚಿಗಳು ಅವನ್ನು ಬಿಟ್ಟುಬಿಡುತ್ತವೆ. ಮೊದಲನೆಯದು 8, 6, 8, 6 ಉಚ್ಚಾರಾಂಶಗಳ ಸಾಲುಗಳಿರುವ ನುಡಿ, ಎರಡನೆಯದು ನಾಲ್ಕೂ ಸಾಲು ಎಂಟೆಂಟು, ಮೂರನೆಯದು 6, 6, 8, 6. ಅಳತೆ ಒಂದೇ ಆಗಿರುವ ಯಾವ ಧಾಟಿಗೂ ಆ ಮಾತುಗಳನ್ನು ಹಾಡಬಹುದಾದ್ದರಿಂದ ಸ್ವರಲಿಪಿ ಅಚ್ಚು ಹಾಕುವ ಖರ್ಚೇ ಇರಲಿಲ್ಲ. 1640ರಲ್ಲಿ ಮ್ಯಾಸಚೂಸೆಟ್ಸಿನ ಕೇಂಬ್ರಿಜ್‌ನಲ್ಲಿ ಅಚ್ಚಾದ ಬೇ ಸಾಮ್ ಬುಕ್ ಎಂಬ ಕೀರ್ತನೆಗಳ ಪುಸ್ತಕದಲ್ಲೂ ರಾಗಗಳ ಸ್ವರಲಿಪಿ ಇರಲಿಲ್ಲ, 1698ರ ಒಂಬತ್ತನೆಯ ಮುದ್ರಣದಲ್ಲಿ ಅದು ಬಂತು. ನಮ್ಮಲ್ಲಿ ಯಕ್ಷಗಾನದ ಪ್ರಸಂಗ ಪುಸ್ತಕ ತೆರೆದರೂ ಪದ್ಯದ ಮೇಲೆ ರಾಗ, ತಾಳದ ಹೆಸರು ಮಾತ್ರ ಇರುತ್ತದೆ. ಉಳಿದದ್ದು ಹಾಡುವವನ ಕಿವಿಯಲ್ಲಿರುತ್ತದೆ.

ಧಾಟಿಯ ಹೆಸರು ಕಾಲನಿರ್ಣಯಕ್ಕೂ ಸಹಾಯ ಮಾಡುತ್ತದೆ. ನ್ಯೂಟನ್ನನ ಆ ಸ್ತೋತ್ರಗೀತೆ ಇಂದು ನಾವು ಹಾಡುವ ಧಾಟಿಗೆ ಜೊತೆಯಾದದ್ದು 1835ರಲ್ಲಿ, ವಿಲಿಯಂ ವಾಕರ್‌ನ ಸದರ್ನ್ ಹಾರ್ಮನಿ ಎಂಬ ಪುಸ್ತಕದಲ್ಲಿ. ನುಡಿಗಳನ್ನೂ ಎಣಿಸಿ. ಹತ್ತು ಸಾವಿರ ವರ್ಷಗಳ ಮಾತು ಬರುವ ಕೊನೆಯ ನುಡಿ ನ್ಯೂಟನ್ ಬರೆದದ್ದಲ್ಲ. ಬೇರೆ ಸ್ತೋತ್ರದೊಂದಿಗೆ ಓಡಾಡುತ್ತಿದ್ದ ಆ ನುಡಿಯನ್ನು 1852ರಲ್ಲಿ ಹ್ಯಾರಿಯೆಟ್ ಬೀಚರ್ ಸ್ಟೋ ತನ್ನ ಅಂಕಲ್ ಟಾಮ್ಸ್ ಕ್ಯಾಬಿನ್ ಕಾದಂಬರಿಯಲ್ಲಿ ಟಾಮನ ಬಾಯಲ್ಲಿ ಇದರೊಂದಿಗೆ ಹಾಡಿಸಿದಳು. ಹೀಗೆ ನುಡಿಗಳು ಮನೆ ಬದಲಿಸುವುದರಿಂದ ಮೊದಲ ಸಾಲಿನ ಜೊತೆಗೆ ಪ್ರತಿ ನುಡಿಯ ಮೊದಲ ಸಾಲನ್ನೂ ಬರೆದಿಡುವುದು ಒಳ್ಳೆಯದು.

ಹಳೆಯಹಾಳೆ ಬರೆದಿದ್ದಾರೆ:

ಎಲ್ಲರಿಗೂ ಕೃತಜ್ಞತೆಗಳು. ವಿಳಾಸದ ಮಾತು ಕೇಳಿದ ಮೇಲೆ ಡಿ ಮಾರ್ಸನ್ ಹಾಳೆಗಳನ್ನೆಲ್ಲ ತೆಗೆದು ನೋಡಿದೆ, ಎರಡು ವಿಳಾಸಗಳವೂ ಇವೆ. ಈಗ ಕಷ್ಟದ ಪ್ರಶ್ನೆಯೊಂದಿದೆ. ಈ ಹಾಳೆಗಳಲ್ಲಿ ಕೆಲವು, ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುತ್ತಿದ್ದ ಮಿನ್‌ಸ್ಟ್ರೆಲ್ ಆಟಗಳ ಹಾಡುಗಳು. ಶೀರ್ಷಿಕೆಯಲ್ಲೇ ಹೀನ ಪದಗಳಿವೆ. ಸೂಚಿಯನ್ನು ಮುಂದೆ ಅಂತರ್ಜಾಲದಲ್ಲಿ ಇಡುವ ಯೋಚನೆ ಇರುವುದರಿಂದ ಆ ಪದಗಳನ್ನು ಹಾಗೆಯೇ ಬರೆಯಲು ಮನಸ್ಸು ಒಪ್ಪುತ್ತಿಲ್ಲ. ಬಿಟ್ಟರೆ ಸೂಚಿಯೇ ಸುಳ್ಳಾಗುತ್ತದೆ. ಕೆಲವು ಸಂಗ್ರಾಹಕರು ಇಂಥವನ್ನು ಕೊಳ್ಳುವುದೇ ಇಲ್ಲವಂತೆ.

ನಾಲ್ಕನೆಸಾಲು ಬರೆದಿದ್ದಾರೆ:

ಕೊಳ್ಳದೆ ಬಿಡುವುದು ನಿಮ್ಮ ಸ್ವಾತಂತ್ರ್ಯ, ಆದರೆ ಕೊಂಡ ಮೇಲೆ ಬಚ್ಚಿಡುವುದು ಸರಿಯಲ್ಲ. ಅದೇ ಅಂಗಡಿಯಲ್ಲಿ, ಅದೇ ಅಂಚಿನ ಚಿತ್ರದೊಳಗೆ, ಒಂದು ದಿನ ಗುಲಾಮಗಿರಿಯನ್ನು ತೊಡೆಯುವ ಸೇನೆಯ ಹಾಡೂ ಇನ್ನೊಂದು ದಿನ ಗುಲಾಮರನ್ನು ಗೇಲಿ ಮಾಡುವ ಹಾಡೂ ಮಾರಾಟವಾಗುತ್ತಿದ್ದವು ಎಂಬುದು ಈ ಹಾಳೆಗಳಿಂದ ತಿಳಿಯುವ ಅತಿ ಮುಖ್ಯ ಸಂಗತಿಗಳಲ್ಲಿ ಒಂದು. ಅವುಗಳ ಪಕ್ಕದಲ್ಲೇ, ವರ್ಜೀನಿಯಾದ ಮನ್ರೋ ಕೋಟೆಯಲ್ಲಿ ಆಶ್ರಯ ಪಡೆದ ಕಪ್ಪು ಜನರು ಹಾಡುತ್ತಿದ್ದ, ನನ್ನ ಜನರನ್ನು ಹೋಗಗೊಡು ಎಂಬ ಗೀತೆ 1861ರ ಕೊನೆಯಲ್ಲಿ ನ್ಯೂಯಾರ್ಕಿನಲ್ಲಿ ಸ್ವರಲಿಪಿ ಸಹಿತ ಅಚ್ಚಾದದ್ದನ್ನೂ ಇಟ್ಟು ನೋಡಬೇಕು. ಒಂದನ್ನು ತೆಗೆದರೆ ಇನ್ನೊಂದರ ತೂಕ ಗೊತ್ತಾಗುವುದಿಲ್ಲ.

ಸೂಚಿಪತ್ರ ಬರೆದಿದ್ದಾರೆ:

ಇಲ್ಲಿ ನಾನು ನಾಲ್ಕನೆಸಾಲು ಅವರೊಂದಿಗೆ ಪೂರ್ತಿ ಒಪ್ಪುತ್ತೇನೆ. ಅಚ್ಚಾದ ಶೀರ್ಷಿಕೆಯನ್ನು ಅಚ್ಚಾದಂತೆಯೇ ಬರೆದು, ಅದು ಹಾಳೆಯ ಮಾತೆಂದು ತೋರಿಸಿ. ವಿಷಯ ಶೀರ್ಷಕವೂ ನಿಮ್ಮ ಟಿಪ್ಪಣಿಯೂ ನಿಮ್ಮ ಮಾತುಗಳಾದ್ದರಿಂದ ಅಲ್ಲಿ ಇಂದಿನ ಗೌರವದ ಪದಗಳನ್ನೇ ಬಳಸಿ. ಓದುಗರು ಸೂಚಿಯನ್ನು ತೆರೆಯುವ ಮೊದಲೇ ಈ ಬಗ್ಗೆ ಒಂದು ಸಾಲಿನ ಸೂಚನೆ ಇರಲಿ. ಅಮೆರಿಕದ ದೊಡ್ಡ ಗ್ರಂಥಾಲಯಗಳು ಇದೇ ದಾರಿ ಹಿಡಿದಿವೆ. ಲೈಬ್ರರಿ ಆಫ್ ಕಾಂಗ್ರೆಸ್ ತನ್ನಲ್ಲಿರುವ 19ನೇ ಶತಮಾನದ 4,291 ಸಾಂಗ್ ಶೀಟ್‌ಗಳನ್ನು ಅಂತರ್ಜಾಲದಲ್ಲಿ ತೆರೆದಿಟ್ಟಿದೆ. ನಿಮ್ಮ ಪ್ರತಿಯನ್ನು ತಾಳೆ ನೋಡಲು ಮೊದಲು ಹೋಗಬೇಕಾದ ಜಾಗವೂ ಅದೇ.

ಅಚ್ಚುಮೊಳೆ ಬರೆದಿದ್ದಾರೆ:

ಕೊಳ್ಳುವ ಮಾತು ಬಂದದ್ದರಿಂದ ನಕಲಿಗಳ ಬಗ್ಗೆ ಎಚ್ಚರಿಸದೆ ಇರಲಾರೆ. ಸಾಮಾನ್ಯವಾದ ನಕಲಿ ಮೋಸಕ್ಕೆಂದು ಮಾಡಿದ್ದಲ್ಲ. 1876ರ ಸ್ವಾತಂತ್ರ್ಯ ಶತಮಾನೋತ್ಸವದ ಸಮಯದಲ್ಲೂ ಆಮೇಲೂ ನೆನಪಿನ ಕಾಣಿಕೆಯೆಂದು ಹಳೆಯ ಹಾಳೆಗಳ ಪಡಿಯಚ್ಚುಗಳನ್ನು ಹೇರಳವಾಗಿ ಮಾಡಿದರು. 20ನೇ ಶತಮಾನದಲ್ಲಿ ಬೇಕೆಂದೇ ಕಂದುಬಣ್ಣ ಕೊಟ್ಟ, ಗರಿಗರಿ ಸದ್ದು ಮಾಡುವ ಕಾಗದದ ಪ್ರತಿಗಳು ಪ್ರವಾಸಿ ಅಂಗಡಿಗಳಲ್ಲಿ ಮಾರಾಟವಾದವು. ಮೊಳೆಯಿಂದ ಒತ್ತಿದ ಹಾಳೆಯ ಹಿಂಬದಿಯನ್ನು ಓರೆ ಬೆಳಕಿನಲ್ಲಿ ನೋಡಿದರೆ ಅಥವಾ ಬೆರಳಿನಿಂದ ಮೆಲ್ಲಗೆ ಸವರಿದರೆ ಒತ್ತು ತಿಳಿಯುತ್ತದೆ. ಫೋಟೊ ತಂತ್ರದಿಂದ ಬಂದ ಪ್ರತಿಯಲ್ಲಿ ಹಿಂಬದಿ ಸಪಾಟಾಗಿರುತ್ತದೆ. ಮೂಲ ಹಾಳೆಯ ಮಡಿಕೆ, ಕಲೆಗಳೂ ಶಾಯಿಯಲ್ಲೇ ಅಚ್ಚಾಗಿರುತ್ತವೆ.

ಮೋಸಕ್ಕೆಂದೇ ಮಾಡಿದ ಒಂದು ಪ್ರಕರಣವನ್ನು ಈ ಹವ್ಯಾಸದವರೆಲ್ಲ ತಿಳಿದಿರಬೇಕು. ಸ್ವತಂತ್ರ ನಾಗರಿಕನ ಪ್ರಮಾಣವಚನ ಎಂಬುದು ಸ್ಟೀಫನ್ ಡೇಯ ಅಚ್ಚುಕೂಟದಲ್ಲಿ 1639ರಲ್ಲಿ ಮುದ್ರಣಗೊಂಡಿತೆನ್ನಲಾದ, ಇಂಗ್ಲಿಷ್ ವಸಾಹತುಗಳ ಮೊಟ್ಟಮೊದಲ ಮುದ್ರಿತ ಹಾಳೆ. ಅದರ ಒಂದು ಪ್ರತಿಯೂ ಸಿಕ್ಕಿಲ್ಲ. 1985ರಲ್ಲಿ ಮಾರ್ಕ್ ಹಾಫ್‌ಮನ್ ಎಂಬ ವ್ಯಾಪಾರಿ ಬೇ ಸಾಮ್ ಬುಕ್ಕಿನ ಪಡಿಯಚ್ಚಿನಿಂದ ಅಕ್ಷರಗಳನ್ನು ಆಯ್ದು ಅದನ್ನು ಸೃಷ್ಟಿಸಿದ. ಒಡೆತನದ ಜಾಡಿಗೆ ಅವನು ಹೂಡಿದ ಉಪಾಯ ನಮ್ಮ ಚರ್ಚೆಗೆ ನೇರವಾಗಿ ಸಂಬಂಧಿಸಿದ್ದು. ಅದೇ ಶೀರ್ಷಿಕೆಯಿಟ್ಟು ಮಾಮೂಲಿ ಪದ್ಯದ ಹಾಳೆಯೊಂದನ್ನು ತಾನೇ ತಯಾರಿಸಿ, ನ್ಯೂಯಾರ್ಕಿನ ಹಳೆ ಪುಸ್ತಕದಂಗಡಿಯೊಂದರ ರಾಶಿಯೊಳಗೆ ಸೇರಿಸಿ, ಆಮೇಲೆ ಅದನ್ನು 25 ಡಾಲರಿಗೆ ಕೊಂಡು ಶೀರ್ಷಿಕೆ ಬರೆದ ರಸೀದಿ ಪಡೆದ. ಆ ರಸೀದಿಯನ್ನು ತೋರಿಸಿ ಹತ್ತು ಲಕ್ಷ ಡಾಲರಿಗೂ ಮೀರಿದ ಬೆಲೆಗೆ ಪ್ರಮಾಣವಚನವನ್ನು ಮಾರಲು ಹೊರಟ. ಸಾಲದ ಸುಳಿಯಲ್ಲಿ ಸಿಕ್ಕಿದ ಅವನು ಅದೇ ಅಕ್ಟೋಬರಿನಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ಬಾಂಬಿಟ್ಟು ಇಬ್ಬರನ್ನು ಕೊಂದ, ಈಗ ಜೀವಾವಧಿ ಶಿಕ್ಷೆಯಲ್ಲಿದ್ದಾನೆ. ರಸೀದಿಯಲ್ಲಿ ಮೊದಲ ಸಾಲೂ ಹಾಳೆಯ ಅಳತೆಯೂ ಬರೆದಿದ್ದರೆ ಆ ರಸೀದಿ ಅವನಿಗೆ ಯಾವ ಕೆಲಸಕ್ಕೂ ಬರುತ್ತಿರಲಿಲ್ಲ. ಶೀರ್ಷಿಕೆಯೊಂದನ್ನೇ ಬರೆಯುವ ಸೂಚಿ ಎಷ್ಟು ದುರ್ಬಲ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಕರಾವಳಿ_ಓದುಗ ಬರೆದಿದ್ದಾರೆ:

ಹಾಳೆಗಳನ್ನು ಇಡುವ ಬಗೆಯನ್ನು ಯಾರೂ ಹೇಳಲಿಲ್ಲ. ತೇವದ ಊರಿನವನಾಗಿ ನಾನೇ ಕೇಳುತ್ತೇನೆ: ಹರಿದದ್ದನ್ನು ಅಂಟಿಸಬಹುದೇ, ಲ್ಯಾಮಿನೇಷನ್ ಮಾಡಿಸಬಹುದೇ?

ಸೂಚಿಪತ್ರ ಬರೆದಿದ್ದಾರೆ:

ಎರಡೂ ಬೇಡವೇ ಬೇಡ. ಅಂಟುಟೇಪಿನ ಅಂಟು ಕಾಗದದೊಳಕ್ಕೆ ಇಳಿದು ಕಂದು ಕಲೆಯಾಗುತ್ತದೆ, ಲ್ಯಾಮಿನೇಷನ್ ತೆಗೆಯಲು ಹೋದರೆ ಹಾಳೆಯೇ ಹೋಗುತ್ತದೆ. ಆಮ್ಲರಹಿತ ಕಾಗದದ ಕಡತದಲ್ಲಿ ಬಿಡಿಸಿ ಮಲಗಿಸಿಡಿ. ಮೇಲಿಂದ ಮೇಲೆ ತೋರಿಸಬೇಕಾದದ್ದಾದರೆ ಎರಡು ಪಾಲಿಯೆಸ್ಟರ್ ಹಾಳೆಗಳ ನಡುವೆ ಇಡಿ. ಕ್ರಮಸಂಖ್ಯೆಯನ್ನು ಮೃದುವಾದ ಪೆನ್ಸಿಲ್ಲಿನಲ್ಲಿ ಹಿಂಬದಿಯ ಮೂಲೆಯಲ್ಲಿ ಮಾತ್ರ ಬರೆಯಿರಿ. ಮ್ಯಾಗ್ನಸ್‌ನ ಹಾಳೆಗಳಲ್ಲಿ ಕೈಯಿಂದ ಬಳಿದ ಬಣ್ಣವಿರುವುದುಂಟು, ನೀರು ಸೋಕಿದರೆ ಅದು ಹರಡುತ್ತದೆ. ಆದ್ದರಿಂದ ತೊಳೆಯುವ ಸಾಹಸ ಮನೆಯಲ್ಲಿ ಮಾಡಬಾರದು.

ಹಳೆಯಹಾಳೆ ಬರೆದಿದ್ದಾರೆ:

ನಾನಿರುವ ಊರಿನದೇ ಒಂದು ಉದಾಹರಣೆ ಈ ಚರ್ಚೆಗೆ ಸೇರಬೇಕು. ಇಲ್ಲಿ 1812ರಲ್ಲಿ ಅಮೆರಿಕನ್ ಆಂಟಿಕ್ವೇರಿಯನ್ ಸೊಸೈಟಿಯನ್ನು ಸ್ಥಾಪಿಸಿದ ಮುದ್ರಕ ಐಸಯಾ ಥಾಮಸ್ ಎಳೆಯ ಬಾಲಕನಾಗಿಯೇ ಬಾಸ್ಟನ್ನಿನ ಒಬ್ಬ ಲಾವಣಿ ಮುದ್ರಕನಲ್ಲಿ ಕೆಲಸಕ್ಕೆ ಸೇರಿದವನು. ಅವನು ಮೊದಲು ಮೊಳೆ ಜೋಡಿಸಿದ್ದೂ ಒಂದು ಲಾವಣಿಗೆ. 1813ರಲ್ಲಿ, ಆ ಹೊತ್ತಿಗೆ ಸಿರಿವಂತನೂ ಮುದ್ರಣದ ಇತಿಹಾಸಕಾರನೂ ಆಗಿದ್ದ ಅವನು, ಬಾಸ್ಟನ್ನಿನ ನ್ಯಾಥನಿಯಲ್ ಕವರ್ಲಿಯ ಅಂಗಡಿಯಿಂದ 300ಕ್ಕೂ ಹೆಚ್ಚು ಲಾವಣಿ ಹಾಳೆಗಳನ್ನು ಒಟ್ಟಾಗಿ ಕೊಂಡು ಮೂರು ಸಂಪುಟಗಳಾಗಿ ಕಟ್ಟಿಸಿ ಸೊಸೈಟಿಗೆ ಕೊಟ್ಟ. ಲಾವಣಿ ಮುದ್ರಿಸಿ ಮಾರುವವನೊಬ್ಬನಿಂದ 1813ರಲ್ಲಿ ಕೊಂಡವು, 1814ರ ಈ ಹೊತ್ತಿನಲ್ಲಿ ಸಾಮಾನ್ಯ ಜನರಲ್ಲಿ ಯಾವುವು ಚಾಲ್ತಿಯಲ್ಲಿವೆ ಎಂದು ತೋರಿಸಲು ಕಟ್ಟಿಸಿದೆ ಎಂಬರ್ಥದ ಟಿಪ್ಪಣಿಯನ್ನೂ ಬರೆದಿಟ್ಟ. ಆ ಮಾತಿನಲ್ಲಿ ಸ್ವಲ್ಪ ಬಿಗುಮಾನವಿದೆ ಎನ್ನಿ. ಆದರೆ ಅವನು ಹಾಳೆಗಳಲ್ಲಿ ತನಗೆ ರುಚಿಸಿದ್ದನ್ನು ಮಾತ್ರ ಆರಿಸಿಕೊಳ್ಳಲಿಲ್ಲ. ಒಂದು ಅಂಗಡಿಯ ಒಂದು ಕಾಲದ ಸರಕನ್ನು ಇಡಿಯಾಗಿ ಎತ್ತಿಟ್ಟ, ಎಲ್ಲಿಂದ, ಯಾವಾಗ, ಏಕೆ ಎಂಬುದನ್ನು ಬರೆದ. ಕವಿಗಳ ಹೆಸರಿಲ್ಲದ ಆ ಹಾಳೆಗಳಿಗೆ ಇಂದು ಇರುವ ಬೆಲೆಯೆಲ್ಲ ಆ ಟಿಪ್ಪಣಿಯಿಂದ ಬಂದದ್ದು. ಇದನ್ನು ನೋಡಿದ ಮೇಲೆ ನನ್ನ ಸೂಚಿಯಲ್ಲಿ ಹಾಳೆ ಯಾವ ಕಟ್ಟಿನಲ್ಲಿ, ಯಾವ ಹಾಳೆಗಳ ಜೊತೆ ಬಂತು ಎಂಬ ಅಂಕಣವನ್ನು ಸೇರಿಸಿದ್ದೇನೆ.

ಒಂದು ಮಾದರಿ ನಮೂದು ಹೀಗಿದೆ, ತಿದ್ದಿ: ಕ್ರಮಸಂಖ್ಯೆ, ಶೀರ್ಷಿಕೆ ಅಚ್ಚಾದಂತೆ, ಮೊದಲ ಸಾಲು, ಪ್ರತಿ ನುಡಿಯ ಮೊದಲ ಸಾಲು, ಛಂದದ ಗುರುತು, ಧಾಟಿ, ಚರ್ಚೊಂದರ ಸಮರ್ಪಣೆಗೆ ಹಾಡಿದ್ದೆಂಬ ಮಾತು ಅಚ್ಚಾದಂತೆ, ಮುದ್ರಕನ ಹೆಸರಿಲ್ಲ, ಸುಮಾರು 1840, ಎತ್ತರ, ಅಗಲ, ಕಟ್ಟಿನ ವಿವರ. ಪತ್ರಿಕೆ ಹುಡುಗರ ಹೊಸ ವರ್ಷದ ಪದ್ಯಗಳನ್ನು ಎಲ್ಲಿ ಸೇರಿಸುವುದೆಂದು ಮಾತ್ರ ಇನ್ನೂ ಗೊತ್ತಾಗಿಲ್ಲ.

ಸೂಚಿಪತ್ರ ಬರೆದಿದ್ದಾರೆ:

ಅವುಗಳನ್ನು ಪತ್ರಿಕೆಯ ಹೆಸರಿನಡಿ ಸೇರಿಸಿ, ಊರು ಮತ್ತು ಇಸವಿಯ ಕ್ರಮದಲ್ಲಿ ಇಡಿ. ಆ ಪದ್ಯಗಳನ್ನು ಹುಡುಗರು ಬರೆಯುತ್ತಿರಲಿಲ್ಲ, ಹೆಚ್ಚಾಗಿ ಅಚ್ಚುಕೂಟದವರೋ ಊರಿನ ಕವಿಗಳೋ ಬರೆದುಕೊಡುತ್ತಿದ್ದರು. ಫಿಲಡೆಲ್ಫಿಯಾದಲ್ಲಿ 1723ರಲ್ಲಿ ತೀರಿಕೊಂಡ ಅಕ್ವಿಲ ರೋಸ್ ಎಂಬ ಮುದ್ರಕ ಇಂಥವನ್ನು ಬರೆದವರಲ್ಲಿ ಮೊದಲಿಗ. ರೋಡ್ ಐಲೆಂಡಿನ ಬ್ರೌನ್ ವಿಶ್ವವಿದ್ಯಾಲಯದ ಹ್ಯಾರಿಸ್ ಸಂಗ್ರಹದಲ್ಲಿ ಇವು ನೂರಾರು ಇವೆ. ಆಲ್ಬರ್ಟ್ ಗ್ರೀನ್ ಎಂಬ ನ್ಯಾಯಾಧೀಶರು ತೊಡಗಿಸಿ, ಹ್ಯಾರಿಸ್ ಬೆಳೆಸಿ, ಸೆನೆಟರ್ ಆಂಟನಿ 1884ರಲ್ಲಿ ವಿಶ್ವವಿದ್ಯಾಲಯಕ್ಕೆ ಬಿಟ್ಟುಹೋದ ಆ ಸಂಗ್ರಹ ಅಮೆರಿಕದ ಪದ್ಯಕ್ಕೆ ಬಹು ದೊಡ್ಡ ಭಂಡಾರ. ಅವರ ನಮೂದುಗಳನ್ನು ನೋಡಿ ನಿಮ್ಮದನ್ನು ಹೊಂದಿಸಿಕೊಳ್ಳಬಹುದು.

ಅಚ್ಚುಮೊಳೆ ಬರೆದಿದ್ದಾರೆ:

ಮಾದರಿ ನಮೂದಿನಲ್ಲಿ ಒಂದೇ ತಿದ್ದುಪಡಿ. ಸುಮಾರು 1840 ಎಂದು ಬರೆದಿದ್ದೀರಿ, ಏಕೆಂದು ಬರೆದಿಲ್ಲ. ಕಾಗದದಿಂದಲೋ, ಅಕ್ಷರದಿಂದಲೋ, ಆ ಚರ್ಚು ಕಟ್ಟಿದ ವರ್ಷದಿಂದಲೋ, ಯಾವುದರಿಂದ ಆ ಇಸವಿ ಬಂತೆಂಬುದನ್ನು ಅದರ ಪಕ್ಕದಲ್ಲೇ ಬರೆಯಿರಿ. ಮರದ ಮೊಳೆಯ ಶೀರ್ಷಿಕೆ ಇದ್ದರೆ ಆ ಭಾಗದ ಫೋಟೊ ಹಾಕಿ, ನೋಡಿ ಹೇಳುತ್ತೇನೆ.